ಹೊಸ ಬೈಕಾ, ಹಳೆಯದಾ? ತಿಂಗಳ ಲೆಕ್ಕ ಹಾಕಿ

ಪುಣೆಯಲ್ಲಿ ಬೈಕ್ ಕೊಳ್ಳುವವರು ಶೋರೂಮ್ ಬೆಲೆಯನ್ನು ಸೆಕೆಂಡ್ ಹ್ಯಾಂಡ್ ಬೆಲೆಯ ಪಕ್ಕ ಇಟ್ಟು ನೋಡಬೇಡಿ. ಹೊಸದರ ಆನ್‌ರೋಡ್ ಬೆಲೆಯಲ್ಲಿ (ಟ್ಯಾಕ್ಸ್, ನೋಂದಣಿ, ಇನ್ಶೂರೆನ್ಸ್ ಎಲ್ಲಾ ಸೇರಿದ ಬೆಲೆ) 5 ವರ್ಷದ ನಂತರ ಮಾರಿದರೆ ಬರುವ ಹಣ ಕಳೆದು, 60 ತಿಂಗಳಿಂದ ಭಾಗಿಸಿ, ಅದೇ ತಿಂಗಳ ಖರ್ಚು. ಹಳೆಯದಕ್ಕೂ ಹೀಗೇ ಮಾಡಿ. ಆದರೆ ಅದರ ಬೆಲೆಗೆ ಟೈರ್, ಚೈನ್ ಸೆಟ್, ಬ್ಯಾಟರಿ, ಇನ್ಶೂರೆನ್ಸ್, ಹೆಸರು ಬದಲಾವಣೆಯ ಖರ್ಚನ್ನು ಮೊದಲೇ ಸೇರಿಸಿ. ಹೊಸದರ ರೋಡ್ ಟ್ಯಾಕ್ಸ್, ನೋಂದಣಿ, 5 ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್‌ಗೆ ಕೊಟ್ಟದ್ದು ಮಾರುವಾಗ ಪೂರ್ತಿ ವಾಪಸ್ ಬರುವುದಿಲ್ಲ, ಅಲ್ವಾ? ಅದು ಈ ಲೆಕ್ಕದಲ್ಲಿ ತಾನಾಗಿಯೇ ಕಾಣುತ್ತದೆ. ಸಾಲದಲ್ಲಿ ಕೊಳ್ಳುವುದಾದರೆ ಬಡ್ಡಿಯನ್ನೂ ಕೂಡಿಸಿ. ಆರ್‌ಸಿಯ (ನೋಂದಣಿ ಪತ್ರದ) 15 ವರ್ಷ ಮುಗಿಯುತ್ತಾ ಬಂದಿರುವ ಗಾಡಿಗೆ ಈ ಲೆಕ್ಕ ಹೊಂದುವುದಿಲ್ಲ. ಊರಿನಿಂದ ಕೆಎ ನಂಬರಿನ ಬೈಕ್ ತರುವವರಿಗೂ ಅಷ್ಟೇ. 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಓಡಿಸುವುದಾದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು, ಮಹಾರಾಷ್ಟ್ರದ ಟ್ಯಾಕ್ಸ್ ಕಟ್ಟಿ, ಎಂಎಚ್ ನಂಬರ್ ಮಾಡಿಸಬೇಕು.