ಕೈ ಪಳಗಿದೆಯೋ, ಅದೃಷ್ಟ ಕುದುರಿದೆಯೋ? ನಿಮ್ಮ ಬಾಸ್ ಬೇಟೆಯನ್ನು ನೀವೇ ಅಳೆಯಿರಿ

ಬಾಸ್ ಅಂದರೆ ಇಲ್ಲಿ ಆಫೀಸಿನ ಮೇಲಧಿಕಾರಿಯಲ್ಲ, ಸಿನಿಮಾದ ಬಾಸೂ ಅಲ್ಲ, ಮೀನು. ಹಸಿರು ಮೈ, ಪಕ್ಕೆಯುದ್ದಕ್ಕೂ ಕಪ್ಪು ಪಟ್ಟೆ, ಕಣ್ಣಿನಿಂದಾಚೆಗೂ ಸೀಳಿಕೊಂಡ ಬಾಯಿ. ಅದಕ್ಕೇ ಅಮೆರಿಕದವರು ಲಾರ್ಜ್‌ಮೌತ್ ಅನ್ನುತ್ತಾರೆ. ನಮ್ಮ ಕೆರೆಗಳ ಕೊರವ ಮೀನಿನ ಹಾಗೆಯೇ ಇದೂ ಹೊಂಚುಗಾರ. ಮುಳುಗಿದ ಮರದ ಬೊಡ್ಡೆ, ಜೊಂಡಿನ ಮರೆಯಲ್ಲಿ ಅಲುಗಾಡದೆ ನಿಂತಿದ್ದು, ಕಪ್ಪೆಯೋ ಮರಿಮೀನೋ ಹತ್ತಿರ ಸುಳಿದರೆ ಗಬಕ್ಕನೆ ನುಂಗುತ್ತದೆ.

ಡಲ್ಲಾಸ್‌ಗೆ ಬಂದ ಎರಡನೇ ವರ್ಷ ನನಗೊಂದು ಬಾಸ್ ಸಿಕ್ಕಿತು. ಲೇಕ್ ಫೋರ್ಕ್ ಎಂಬ ಟೆಕ್ಸಾಸ್‌ನ ಜಲಾಶಯದಲ್ಲಿ, 7 ಪೌಂಡಿಗೆ ಸ್ವಲ್ಪ ಮೇಲೆ. ಆ ವರ್ಷದ ಯುಗಾದಿ ಊಟದಲ್ಲಿ ಎಲೆಗೆ ಹೋಳಿಗೆ ಬೀಳುವ ಮೊದಲೇ ಅಕ್ಕಪಕ್ಕದವರಿಗೆಲ್ಲ ಫೋಟೋ ತೋರಿಸಿ ಆಗಿತ್ತು. ಆಮೇಲೆ ಸತತ ಆರು ಶನಿವಾರ ಬರಿಗೈ. ಏಳನೆಯ ಸಲ ಹೊರಟಾಗ ಹೆಂಡತಿ ಫ್ಲಾಸ್ಕಿಗೆ ಕಾಫಿ ತುಂಬುತ್ತಾ ಕೇಳಿದಳು: "ಆ ದೊಡ್ಡ ಮೀನು ಅಲ್ಲೇ ಇದೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ?"

ಗೊತ್ತಿರಲಿಲ್ಲ. ದೋಣಿ ತಿರುಗಿಸುವಾಗ ಸುಮ್ಮನೆ ಎಸೆದ ಗಾಳ ಅದು. ನಿಮ್ಮ ಕೈ ಎಷ್ಟು ಪಳಗಿದೆ ಎಂದು ತಿಳಿಯಬೇಕಿದ್ದರೆ ಅಳತೆ ಶುರುವಾಗಬೇಕಾದದ್ದು ಆ ಪ್ರಶ್ನೆಯಿಂದಲೇ.

ಮೊದಲು ದೊಡ್ಡ ಮೀನನ್ನು ಲೆಕ್ಕದಿಂದ ತೆಗೆಯಿರಿ

ಫೋಟೋ ಗೋಡೆಯ ಮೇಲಿರಲಿ, ಲೆಕ್ಕದಲ್ಲಿ ಬೇಡ. 1932ರಲ್ಲಿ ಜಾರ್ಜಿಯಾದ ಜಾರ್ಜ್ ಪೆರ್ರಿ ಎಂಬ ಯುವ ರೈತ 22 ಪೌಂಡ್ 4 ಔನ್ಸ್‌ನ ಬಾಸ್ ಹಿಡಿದ. ತೂಕ ಹಾಕಿಸಿದ ಮೇಲೆ ಮನೆಮಂದಿ ಅದನ್ನು ತಿಂದು ಮುಗಿಸಿದರು. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಹಿಡಿದ ಬಾಸ್ ಅದಕ್ಕಿಂತ ಒಂದು ಔನ್ಸಿನಷ್ಟು ಹೆಚ್ಚು ತೂಗಿತು. ಹಳೆಯ ದಾಖಲೆ ಮುರಿಯಲು ಕನಿಷ್ಠ 2 ಔನ್ಸ್ ಹೆಚ್ಚಿರಬೇಕೆಂಬ ನಿಯಮವಿದ್ದುದರಿಂದ ಅದನ್ನು ಸರಿಸಮ ಎಂದು ಬರೆದುಕೊಂಡರು. ಪೆರ್ರಿ ಹೆಸರು ಉಳಿದಿರುವುದು ಒಂದೇ ಮೀನಿನಿಂದ. ರಿಕ್ ಕ್ಲನ್ ಹಾಗಲ್ಲ. ಬಾಸ್ ಲೋಕದ ಅತಿ ದೊಡ್ಡ ಪಂದ್ಯ ಬಾಸ್‌ಮಾಸ್ಟರ್ ಕ್ಲಾಸಿಕ್ ಅನ್ನು 1976, 1977, 1984, 1990ರಲ್ಲಿ, ಹೀಗೆ ನಾಲ್ಕು ಸಲ ಗೆದ್ದವರು ಅವರು. ಕಲೆ ಹುಡುಕಬೇಕಾದದ್ದು ಇಂಥ ಪಟ್ಟಿಯಲ್ಲಿ.

ನೀರಿನ ಗುಣವನ್ನೂ ಕಳೆಯಬೇಕು. ಸುಮಾರು 27,000 ಎಕರೆಯ ಲೇಕ್ ಫೋರ್ಕ್‌ನಲ್ಲಿ ದೊಡ್ಡದಾಗಿ ಬೆಳೆಯುವ ಫ್ಲಾರಿಡಾ ತಳಿಯನ್ನು ಬಿಟ್ಟಿದ್ದಾರೆ. 16ರಿಂದ 24 ಇಂಚಿನ ನಡುವಿನ ಬಾಸ್ ಸಿಕ್ಕರೆ ವಾಪಸ್ ಬಿಡಲೇಬೇಕು. 24 ಇಂಚು ಮೀರಿದ್ದನ್ನು ದಿನಕ್ಕೆ ಒಂದೇ ಇಟ್ಟುಕೊಳ್ಳಬಹುದು. ಟೆಕ್ಸಾಸ್‌ನ ದಾಖಲೆಯ 18.18 ಪೌಂಡ್ ಬಾಸ್ 1992ರಲ್ಲಿ ಸಿಕ್ಕಿದ್ದೂ ಅಲ್ಲೇ. ಅಂಥ ಕಡೆ ನನಗೆ ಸಿಕ್ಕ 7 ಪೌಂಡಿಗಿಂತ, ಬಡಾವಣೆಯ ಹಿಂದಿನ ಪುಟ್ಟ ಹೊಂಡದಲ್ಲಿ ದಿನಾ ಗಾಳ ನೋಡಿ ಬುದ್ಧಿ ಕಲಿತಿರುವ 3 ಪೌಂಡಿನ ಮೀನಿಗೆ ನಾನು ಹೆಚ್ಚು ಅಂಕ ಕೊಡುತ್ತೇನೆ.

ಎಸೆಯುವ ಮೊದಲು ಬರೆಯಿರಿ

ಇದೇ ಮುಖ್ಯ. ಉಳಿದದ್ದೆಲ್ಲ ಬಿಟ್ಟರೂ ಇದನ್ನು ಬಿಡಬೇಡಿ.

ಹತ್ತು ಡಾಲರಿನ ಆ್ಯಪ್ ಬೇಡ, ಒಂದು ಸಣ್ಣ ನೋಟ್‌ಬುಕ್ ಸಾಕು. ದೋಣಿ ನೀರಿಗಿಳಿಸುವ ಮೊದಲು ಐದು ವಿಷಯ ಬರೆದುಕೊಳ್ಳಿ: ನೀರಿನ ಉಷ್ಣತೆ, ನೀರು ತಿಳಿಯೋ ಕದಡಿದೆಯೋ, ಗಾಳಿ ಯಾವ ಕಡೆಯಿಂದ, ಇವತ್ತು ಮೀನು ಎಲ್ಲಿರುತ್ತದೆ, ಯಾಕೆ. ಕೊನೆಯ 'ಯಾಕೆ' ಕಾಲಂ ಖಾಲಿ ಬಿಟ್ಟರೆ ಉಳಿದ ನಾಲ್ಕು ವ್ಯರ್ಥ.

ನನ್ನ ಮಾರ್ಚ್ ತಿಂಗಳ ಒಂದು ಪುಟ ಹೀಗಿದೆ: "ನೀರು 61 ಫ್ಯಾರನ್‌ಹೀಟ್. ಮೊಟ್ಟೆಯಿಡುವ ಹೊತ್ತು ಹತ್ತಿರ. ಉತ್ತರ ದಂಡೆಯ ಕಿರುಗೊಲ್ಲಿಗೆ ಬಿಸಿಲು ಹೆಚ್ಚು, ತಣ್ಣನೆ ಉತ್ತರದ ಗಾಳಿಗೆ ದಿಬ್ಬದ ಮರೆ. ಅಲ್ಲಿ 3ರಿಂದ 5 ಅಡಿ ನೀರಿನಲ್ಲಿ ಇರಬೇಕು." ಇದ್ದವು. ಜುಲೈ ಪುಟ ನೋಡಿದರೆ ನಗು ಬರುತ್ತದೆ: "ಬಿಸಿಲು ಜಾಸ್ತಿ, ಆದ್ದರಿಂದ ಆಳ. 40 ಅಡಿ." ಬೇಸಿಗೆಯಲ್ಲಿ ಜಲಾಶಯದ ಮೇಲಿನ ಬಿಸಿ ನೀರು, ಕೆಳಗಿನ ತಣ್ಣೀರು ಬೆರೆಯದೆ ಬೇರೆ ಬೇರೆ ಪದರವಾಗಿ ನಿಲ್ಲುತ್ತವೆ. ಕೆಳಪದರದಲ್ಲಿ ಆಮ್ಲಜನಕ ಸೊರಗುತ್ತದೆ. ಮೀನೇ ಉಸಿರಾಡಲಾಗದ ಜಾಗಕ್ಕೆ ನಾನು ಇಡೀ ಬೆಳಗ್ಗೆ ರಬ್ಬರ್ ಹುಳು ಇಳಿಬಿಟ್ಟು ಕೂತಿದ್ದೆ.

ಸಂಜೆ ಮನೆಗೆ ಬಂದು ಪ್ರತಿ ಮೀನಿನ ಮುಂದೆ ಒಂದು ಗುರುತು ಹಾಕಿ. ಹೇಳಿದ ಜಾಗದಲ್ಲೇ ಸಿಕ್ಕಿದರೆ 'ಸರಿ'. ಬೇರೆಲ್ಲೋ, ಬೇರೇನೋ ಮಾಡುವಾಗ ಸಿಕ್ಕಿದರೆ 'ಪುಕ್ಕಟೆ'. ಪುಕ್ಕಟೆ ಮೀನಿಗೂ ರುಚಿ, ತೂಕ ಎರಡೂ ಇರುತ್ತದೆ, ಅಂಕ ಮಾತ್ರ ಇಲ್ಲ. ಇನ್ನೊಂದು ಕಾಲಂ ನಾನು ತಡವಾಗಿ ಸೇರಿಸಿದೆ: ಊಹೆ ಕೈಕೊಟ್ಟ ಮೇಲೆ ಎಷ್ಟು ಹೊತ್ತಿಗೆ ಯೋಜನೆ ಬದಲಿಸಿದೆ? ಮೊದಲ ವರ್ಷ ನನ್ನ ಉತ್ತರ ಸಾಮಾನ್ಯವಾಗಿ "ಬದಲಿಸಲಿಲ್ಲ". ಪಳಗಿದವರು ಒಂದು ಗಂಟೆ ತಡವಾದರೂ ಚಡಪಡಿಸುತ್ತಾರೆ.

ಐದಾರು ಪುಟದಿಂದ ಏನೂ ತಿಳಿಯುವುದಿಲ್ಲ. ನಾಲ್ಕೂ ಋತು ಕಳೆಯಲಿ, ಕಡೇಪಕ್ಷ ಎರಡು ಬೇರೆ ಬೇರೆ ನೀರು ಇರಲಿ. ವಸಂತದಲ್ಲಿ ದಂಡೆಗೆ ಬಂದ ಬಾಸ್ ಅನ್ನು ಮಕ್ಕಳೂ ಹಿಡಿಯುತ್ತಾರೆ. ಜನವರಿಯ ಪುಟಗಳು ಸುಳ್ಳು ಹೇಳುವುದಿಲ್ಲ.

ಬಕೆಟ್ ಪರೀಕ್ಷೆ

ಹಿತ್ತಲಲ್ಲಿ 30 ಅಡಿ ದೂರಕ್ಕೆ ಬಕೆಟ್ ಇಡಿ. ಕೊಕ್ಕೆ ಬಿಚ್ಚಿ, ಬರೀ ತೂಕ ಕಟ್ಟಿ 20 ಸಲ ಎಸೆಯಿರಿ. ಎಷ್ಟು ಒಳಗೆ ಬಿತ್ತು, ಎಷ್ಟು ಸಲ ರೀಲಿನಲ್ಲಿ ದಾರ ಸಿಕ್ಕುಬಿತ್ತು, ಎರಡನ್ನೂ ಎಣಿಸಿ. ಎಸೆತದ ಜೊತೆಗೇ ದಾರದ ಉರುಳೆಯೂ ತಿರುಗುವ ಬೇಟ್‌ಕಾಸ್ಟಿಂಗ್ ರೀಲಿನ ಆ ಸಿಕ್ಕನ್ನು ಇಲ್ಲಿನವರು ಹಕ್ಕಿಗೂಡು ಅನ್ನುತ್ತಾರೆ. ನನ್ನ ಮೊದಲ ದಿನದ ಲೆಕ್ಕ ಬಕೆಟ್ 3, ಗೂಡು 5. ಬೊಡ್ಡೆಯ ಪಕ್ಕ ನಿಂತ ಬಾಸ್ ಮುಂದೆ ಗಾಳ ಮೂರಡಿ ಆಚೆ ಬಿದ್ದರೆ ಅದು ತಲೆ ಕೂಡ ತಿರುಗಿಸದೇ ಇರಬಹುದು.

ಕಚ್ಚಿದ್ದೆಷ್ಟು, ಕೈಗೆ ಬಂದದ್ದೆಷ್ಟು

ತಪ್ಪಿಸಿಕೊಂಡ ಮೀನನ್ನು ಕಥೆ ಮಾಡುತ್ತೇವೆ, ಲೆಕ್ಕ ಮಾಡುವುದಿಲ್ಲ. ಹತ್ತು ಸಲ ಕಚ್ಚಿ ನಾಲ್ಕೇ ದೋಣಿಗೆ ಬಂದರೆ ದೋಷ ಕೆರೆಯದ್ದಲ್ಲ. ಯಾವ ಗಾಳದಲ್ಲಿ ತಪ್ಪಿತು ಎಂದು ಬರೆದರೆ ಕಾರಣ ತಾನಾಗಿ ಕಾಣುತ್ತದೆ. ನೀರಿನ ಮೇಲೆ ಎಳೆಯುವ ರಬ್ಬರ್ ಕಪ್ಪೆಯಲ್ಲಿ ತಪ್ಪುತ್ತಿದ್ದರೆ ನೀವು ಅವಸರಗಾರರು: ನೀರು ಚಿಮ್ಮಿದ್ದು ಕಂಡ ತಕ್ಷಣ ಜಗ್ಗುತ್ತಿದ್ದೀರಿ. ಮೀನಿನ ಭಾರ ಕೈಗೆ ತಾಗುವವರೆಗೆ ಕಾಯಬೇಕು. ತಳದಲ್ಲಿ ಎಳೆಯುವ, ಭಾರದ ತಲೆಯ ಜಿಗ್ ಗಾಳದಲ್ಲಿ ತಪ್ಪುತ್ತಿದ್ದರೆ ಉಲ್ಟಾ, ನಿಮ್ಮದು ನಿಧಾನವಾಯಿತು: ಮೀನು ಮೋಸ ತಿಳಿದು ಆಗಲೇ ಉಗಿದಿರುತ್ತದೆ. ಎಳೆದಂತೆ ನೀರಲ್ಲಿ ಓಲಾಡುವ ಮೀನಿನಾಕಾರದ ಗಾಳ ಕ್ರ್ಯಾಂಕ್‌ಬೇಟ್‌ನಿಂದ ದೋಣಿಯ ಹತ್ತಿರ ಬಂದು ಕಳಚುತ್ತಿದ್ದರೆ ಸಾಮಾನ್ಯವಾಗಿ ಎಳೆತ ಒರಟು, ಕೋಲು ಬಿರುಸು.

ಅದೇ ದಿನ, ಅದೇ ನೀರು, ಬೇರೆಯವರು

ಹವಾಮಾನ ಕೆಟ್ಟಿತ್ತು ಅನ್ನುವ ನೆಪ ನಡೆಯದ ಜಾಗ ಒಂದೇ, ಸ್ಥಳೀಯ ಕ್ಲಬ್ಬಿನ ಪಂದ್ಯ. ಎಲ್ಲರಿಗೂ ಅದೇ ಗಾಳಿ, ಅದೇ ಕೆಸರು. ಸಾಮಾನ್ಯವಾಗಿ ಐದು ದೊಡ್ಡ ಮೀನುಗಳ ಒಟ್ಟು ತೂಕದ ಮೇಲೆ ಸ್ಥಾನ ನಿರ್ಧಾರ. ಗೆದ್ದವನ ತೂಕ ನೋಡಿ ಕೊರಗಬೇಡಿ. ಅವನಿಗೂ ಅವತ್ತೊಂದು ಪುಕ್ಕಟೆ ಮೀನು ಸಿಕ್ಕಿರಬಹುದು. ಫಲಿತಾಂಶದ ಪಟ್ಟಿಯ ಸರಿಮಧ್ಯಕ್ಕೆ ಬೆರಳಿಟ್ಟು, ವರ್ಷದಲ್ಲಿ ಎಷ್ಟು ಸಲ ಆ ಗೆರೆಯ ಮೇಲಿದ್ದೀರಿ ಎಂದು ಎಣಿಸಿ. ನಾನು ಮೊದಲ ಸಲ ಹೋದಾಗ ಕೊನೆಯಿಂದ ಎರಡನೆಯವನು, ಕೊನೆಯವರ ದೋಣಿಯ ಎಂಜಿನ್ ಕೆಟ್ಟಿತ್ತು.

ದೋಣಿಯ ಮುಂದೆ ಮೀನು ಈಜುವುದನ್ನೇ ತೋರಿಸುವ ಸೋನಾರ್ ಪರದೆ ನಿಮ್ಮಲ್ಲಿದ್ದರೆ ತಿಂಗಳಿಗೊಂದು ದಿನ ಅದನ್ನು ಆರಿಸಿ ಹೋಗಿ. ಪಂದ್ಯಗಳಲ್ಲಿ ಅದಿರಬೇಕೋ ಬೇಡವೋ ಎಂಬ ಜಗಳ ಅಮೆರಿಕದಲ್ಲಿ ಜೋರಾಗಿಯೇ ನಡೆದಿದೆ. ನನಗೆ ಅದರ ಗೊಡವೆ ಬೇಡ. ಆದರೆ ಆರಿಸಿದ ದಿನದ ಪುಟ, ಹಚ್ಚಿದ ದಿನದ ಪುಟ ಪಕ್ಕಪಕ್ಕ ಇಟ್ಟರೆ ಎಷ್ಟು ಬುದ್ಧಿ ನಿಮ್ಮದು, ಎಷ್ಟು ಯಂತ್ರದ್ದು ಗೊತ್ತಾಗುತ್ತದೆ.

ಇನ್ನು ತಕ್ಕಡಿ. ಕಣ್ಣಂದಾಜಿನ ತೂಕವನ್ನು ಪುಸ್ತಕಕ್ಕೆ ಸೇರಿಸಬೇಡಿ. 15 ಇಂಚಿನ ಬಾಸ್ ಸುಮಾರು 2 ಪೌಂಡ್, 20 ಇಂಚಿನದು ಸುಮಾರು 5. ನಡುವಿನದ್ದೆಲ್ಲ ನಮ್ಮ ಬಾಯಲ್ಲಿ "ಐದಿರಬಹುದು" ಆಗಿಬಿಡುತ್ತದೆ. ತೂಗುವಾಗ ಕೈ ಒದ್ದೆ ಮಾಡಿಕೊಂಡು, ದೊಡ್ಡ ಮೀನಾದರೆ ಹೊಟ್ಟೆಯ ಕೆಳಗೂ ಕೈಯಾಸರೆ ಕೊಟ್ಟು, ಬೇಗ ನೀರಿಗೆ ಬಿಡಿ. ಬಿಟ್ಟ ಮೀನು ಸತ್ತು ತೇಲಿದರೆ ಅದನ್ನೂ ಬರೆಯಿರಿ. ಪಂದ್ಯಗಳಲ್ಲೂ ಸತ್ತ ಮೀನಿಗೆ ತೂಕ ಕಳೆಯುತ್ತಾರೆ.

ಕಳೆದ ಶನಿವಾರ ನನ್ನ ಪುಟದಲ್ಲಿ ನಾಲ್ಕು ಮೀನು: ಮೂರು ಸರಿ, ಒಂದು ಪುಕ್ಕಟೆ. ನಾಲ್ಕರಲ್ಲಿ ದೊಡ್ಡದು ಪುಕ್ಕಟೆಯದ್ದೇ. ಮನೆಗೆ ಬಂದಾಗ ಹೆಂಡತಿ ಮೀನೆಷ್ಟು ಎಂದು ಕೇಳಲಿಲ್ಲ, ನೋಟ್‌ಬುಕ್ ಕೇಳಿದಳು.