ಹಾರ್ಮೋನು ಬಿಡಿಸಿದರೆ ಮಾತ್ರ ಭ್ರೂಣ: ಅಂಗಾಂಶ ಕೃಷಿಯ ಕಠಿಣ ಹಂತವನ್ನು ದಾಟುವುದು ಹೇಗೆ

ಅಡಿಕೆ ಮರಕ್ಕೆ ಕವಲಿಲ್ಲ, ಬಾಳೆಯಂತೆ ಬುಡದಲ್ಲಿ ಕಂದು ಒಡೆಯುವುದೂ ಇಲ್ಲ. ಬೀಜದಿಂದ ಎಬ್ಬಿಸಿದ ಸಸಿ ಪರಕೀಯ ಪರಾಗಸ್ಪರ್ಶದ ಕಾರಣದಿಂದ ತಾಯಿಮರದ ಗುಣವನ್ನು ಪೂರ್ತಿಯಾಗಿ ಪಡೆಯುವುದಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಬೆಳೆಗಾರರೂ ವಿದ್ಯಾರ್ಥಿಗಳೂ ಅಂಗಾಂಶ ಕೃಷಿಯ ಬಗ್ಗೆ, ಅಂದರೆ ಗಿಡದ ಸಾಮಾನ್ಯ ಜೀವಕೋಶದಿಂದಲೇ ಬಾಟಲಿಯಲ್ಲಿ ಭ್ರೂಣ ಬೆಳೆಸುವ ವಿಧಾನದ ಬಗ್ಗೆ ಮತ್ತೆ ಮತ್ತೆ ವಿಚಾರಿಸುವುದು ಇದೇ ಕಾರಣಕ್ಕೆ. ಆದರೆ ನೇರವಾಗಿ ಅಡಿಕೆಗೆ ಕೈ ಹಾಕಿ ವರ್ಷಗಟ್ಟಲೆ ಕಾಲ ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ಮೊದಲು ಕ್ಯಾರೆಟ್‌ನಲ್ಲಿ ಕೈ ಪಳಗಬೇಕು. 1958ರಲ್ಲಿ ಅಮೆರಿಕದ ಸ್ಟೀವರ್ಡ್ ಮತ್ತು ಜರ್ಮನಿಯ ರೈನರ್ಟ್ ಎಂಬ ಸಸ್ಯವಿಜ್ಞಾನಿಗಳು ಈ ವಿದ್ಯೆಯನ್ನು ತೋರಿಸಿಕೊಟ್ಟದ್ದು ಕ್ಯಾರೆಟ್‌ನಲ್ಲಿಯೇ; ಇಂದಿಗೂ ಕಲಿಕೆಗೆ ಅದಕ್ಕಿಂತ ಒಳ್ಳೆಯ ಗಿಡವಿಲ್ಲ.

ಕಾಲದ ಆಯ್ಕೆ ಮುಖ್ಯ. ಮಳೆಗಾಲದಲ್ಲಿ ನಮ್ಮ ಕಡೆ ಗೋಡೆಗೂ ಪುಸ್ತಕಕ್ಕೂ ಬೂಷ್ಟು ಹಿಡಿಯುತ್ತದೆ. ಆಗ ಹೊಸ ಅಂಗಾಂಶ ಕೃಷಿ ಆರಂಭಿಸಬೇಡಿ. ದೀಪಾವಳಿ ಕಳೆದ ಮೇಲೆ ತೊಡಗಿ. ಬಾಟಲಿಗೆ ಹತ್ತಿಯ ಬಿರಡೆ ಬೇಡವೇ ಬೇಡ, ಅದು ತೇವ ಹೀರಿಕೊಂಡು ತಾನೇ ಬೂಷ್ಟಿನ ದಾರಿಯಾಗುತ್ತದೆ. ಆಟೊಕ್ಲೇವ್‌ನ (ಒತ್ತಡದ ಉಗಿಯಲ್ಲಿ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಪಾತ್ರೆಯ) ಬಿಸಿಯನ್ನು ತಡೆದುಕೊಳ್ಳುವ ಪ್ಲಾಸ್ಟಿಕ್ ಮುಚ್ಚಳವನ್ನೇ ಬಳಸಿ.

ಪೋಷಕ ಮಾಧ್ಯಮಕ್ಕೆ 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ರೂಪಿಸಿದ ಎಂಎಸ್ ಮಿಶ್ರಣ ಸಾಕು. ಲೀಟರಿಗೆ 30 ಗ್ರಾಂ ಸಕ್ಕರೆ, ಗಟ್ಟಿಯಾಗಿಸಲು 8 ಗ್ರಾಂ ಅಗರ್, 1 ಮಿಲಿಗ್ರಾಂ 2,4-ಡಿ (ಆಕ್ಸಿನ್ ಗುಂಪಿನ ಕೃತಕ ಬೆಳವಣಿಗೆ ಹಾರ್ಮೋನು) ಹಾಕಿ, ಪಿಎಚ್ 5.8ಕ್ಕೆ ಹೊಂದಿಸಿ, 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ನಿಮಿಷ ಆಟೊಕ್ಲೇವ್ ಮಾಡಿ. ಅಡುಗೆಮನೆಯ ಶುಭ್ರ ಸಕ್ಕರೆಯಿಂದ ಕೆಲಸ ನಡೆಯುತ್ತದೆ. ಆದರೆ ಗದ್ದೆಯ ಕಳೆನಾಶಕವೂ 2,4-ಡಿಯೇ ಅಲ್ಲವೇ ಎಂದು ಗೊಬ್ಬರದ ಅಂಗಡಿಯ ಪೊಟ್ಟಣವನ್ನು ತಂದು ಬೆರೆಸಬಾರದು. ಅದರಲ್ಲಿ ಇತರ ಪದಾರ್ಥಗಳೂ ಸೇರಿರುತ್ತವೆ. ಪ್ರಯೋಗಾಲಯ ದರ್ಜೆಯ 2,4-ಡಿ ನೀರಿನಲ್ಲಿ ಸುಲಭವಾಗಿ ಕರಗದ ಕಾರಣ 100 ಮಿಲಿಗ್ರಾಂ ತೂಗಿ, ಕೆಲವು ಹನಿ ಆಲ್ಕೋಹಾಲಿನಲ್ಲಿ ಕರಗಿಸಿ, ನೀರು ಸೇರಿಸಿ 100 ಮಿಲಿಲೀಟರ್ ಮಾಡಿಟ್ಟುಕೊಳ್ಳಿ. ಲೀಟರಿಗೆ ಅದರ ಒಂದು ಮಿಲಿಲೀಟರ್ ಸಾಕು. ಸ್ಟೀವರ್ಡ್ ತೆಂಗಿನ ನೀರನ್ನು ಬಳಸಿದ್ದರೆಂದು ಕುಮಟಾದಿಂದ ಎಳನೀರು ತರಿಸುವವರಿದ್ದಾರೆ. ಕಾಯಿಯಿಂದ ಕಾಯಿಗೆ ಅದರ ಗುಣ ಬದಲಾಗುವುದರಿಂದ ಫಲಿತಾಂಶವೂ ಬದಲಾಗುತ್ತದೆ. ಕಲಿಯುವವರಿಗೆ ಅದು ಬೇಡ.

ಮಾಧ್ಯಮದ ಮೇಲಿಡುವ ಚೂರುಗಳಿಗಾಗಿ ಪೇಟೆಯ ಕ್ಯಾರೆಟ್ ಗಡ್ಡೆಯನ್ನು ಕತ್ತರಿಸುವುದಕ್ಕಿಂತ ಬೀಜದಿಂದ ಎಬ್ಬಿಸಿದ ಮೊಳಕೆಯೇ ಲೇಸು, ಮಣ್ಣಿನ ಸೋಂಕು ಬಹಳ ಕಡಿಮೆ. ಬೀಜವನ್ನು 70 ಶೇಕಡಾ ಆಲ್ಕೋಹಾಲಿನಲ್ಲಿ ಅರ್ಧ ನಿಮಿಷ, ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ 15 ನಿಮಿಷ ಅದ್ದಿ, ನಿರ್ಜೀವೀಕರಿಸಿದ ನೀರಿನಲ್ಲಿ ಮೂರು ಸಲ ತೊಳೆದು ಬಿತ್ತಿ. ಮುಚ್ಚಳ ತೆರೆದು ತಿಂಗಳುಗಟ್ಟಲೆ ಇಟ್ಟ ಬ್ಲೀಚ್‌ನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ಹೊಸದನ್ನೇ ಕೊಳ್ಳಿ. ಬೀಜದೆಲೆಯ ಕೆಳಗಿನ ಎಳೆಯ ಕಾಂಡವನ್ನು ಒಂದು ಸೆಂಟಿಮೀಟರಿನ ಚೂರುಗಳಾಗಿ ಕತ್ತರಿಸಿ ಮಾಧ್ಯಮದ ಮೇಲಿಟ್ಟು, 25 ಡಿಗ್ರಿ ಉಷ್ಣತೆಯ ಕತ್ತಲಲ್ಲಿ ಬಿಡಿ. ನಾಲ್ಕರಿಂದ ಆರು ವಾರಗಳಲ್ಲಿ ಕ್ಯಾಲಸ್, ಅಂದರೆ ನಿರ್ದಿಷ್ಟ ಆಕಾರವಿಲ್ಲದ ಜೀವಕೋಶಗಳ ಮುದ್ದೆ, ಬೆಳೆಯುತ್ತದೆ.

ಬಹುತೇಕರು ಸೋಲುವುದು ಇಲ್ಲಿಂದ ಮುಂದೆ. ಕ್ಯಾಲಸ್ ದಪ್ಪವಾಗಿ ಉಬ್ಬುವುದನ್ನು ಕಂಡು ಸಂತೋಷಪಟ್ಟು ಅದನ್ನು 2,4-ಡಿ ಇರುವ ಮಾಧ್ಯಮದಲ್ಲಿಯೇ ಮತ್ತೆ ಮತ್ತೆ ವರ್ಗಾಯಿಸುತ್ತಾ ಹೋಗುತ್ತಾರೆ. ಆ ಹಾರ್ಮೋನು ಇರುವಷ್ಟು ಕಾಲ ಜೀವಕೋಶಗಳು ಭ್ರೂಣವಾಗುವ ಸಾಮರ್ಥ್ಯ ಪಡೆದು ಸಣ್ಣ ಗುಂಪುಗಳಾಗುತ್ತವೆಯೇ ಹೊರತು ಮುಂದೆ ಸಾಗುವುದಿಲ್ಲ. ಒಂದು ತುದಿ ಬೇರಾಗಿ, ಇನ್ನೊಂದು ತುದಿ ಚಿಗುರಾಗಬೇಕಾದರೆ ಗುಂಪಿನೊಳಗೆ ಆಕ್ಸಿನ್ ಏರುಪೇರಾಗಿ ಹಂಚಿಕೆಯಾಗಬೇಕು. ಹೊರಗಿನಿಂದ ತುಂಬಿದ ಆಕ್ಸಿನ್ ಆ ವ್ಯತ್ಯಾಸವನ್ನು ಅಳಿಸಿಬಿಡುತ್ತದೆ. ಅಲ್ಲದೆ ಕ್ಯಾಲಸ್ ಹಳೆಯದಾದಂತೆ ಭ್ರೂಣ ಕೊಡುವ ಶಕ್ತಿಯೂ ಕುಂದುತ್ತದೆ.

ಯಾವ ಕ್ಯಾಲಸನ್ನು ಆಯ್ದುಕೊಳ್ಳಬೇಕು ಎಂಬುದನ್ನು ಕಣ್ಣಿನಿಂದಲೇ ಕಲಿಯಬೇಕು. ನೀರು ತುಂಬಿಕೊಂಡಂತೆ ಹೊಳೆಯುವ, ಚಿಮುಟ ತಾಗಿದೊಡನೆ ಲೋಳೆಯಾಗಿ ಜಾರುವ ಭಾಗ ನಿರುಪಯುಕ್ತ. ತಿಳಿಹಳದಿ ಬಣ್ಣದ, ರವೆಯಂತೆ ಹರಳು ಹರಳಾಗಿ ಉದುರುವ ಭಾಗವೇ ನಮಗೆ ಬೇಕಾದದ್ದು. ಅನುಮಾನವಿದ್ದರೆ ಚಿಟಿಕೆಯಷ್ಟನ್ನು ಗಾಜಿನ ಪಟ್ಟಿಯ ಮೇಲಿಟ್ಟು ಮೊದಲು ಅಸಿಟೊಕಾರ್ಮೈನ್, ಆಮೇಲೆ ಇವಾನ್ಸ್ ಬ್ಲೂ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿ: ಒತ್ತಾಗಿ ಕೂಡಿದ ಸಣ್ಣ, ದುಂಡನೆಯ ಕೋಶಗಳು ಕೆಂಪಾಗಿ, ಉದ್ದನೆಯ ಟೊಳ್ಳು ಕೋಶಗಳು ನೀಲಿಯಾಗಿ ಕಾಣುತ್ತವೆ. ಕೆಂಪು ಗುಂಪುಗಳಿದ್ದರೆ ಮುಂದುವರಿಯಿರಿ.

ಆಯ್ದ ಕ್ಯಾಲಸನ್ನು ಅಗರ್ ಇಲ್ಲದ, 2,4-ಡಿ ಇರುವ ದ್ರವ ಮಾಧ್ಯಮದಲ್ಲಿ ನಿಮಿಷಕ್ಕೆ 100 ಸುತ್ತಿನ ಶೇಕರ್ (ಫ್ಲಾಸ್ಕನ್ನು ಅಲುಗಿಸುವ ಯಂತ್ರ) ಮೇಲೆ ಎರಡು ವಾರ ಬೆಳೆಸಿ, ನೈಲಾನ್ ಜಾಲರಿಯಲ್ಲಿ ಸೋಸಿ ದೊಡ್ಡ ಗಂಟುಗಳನ್ನು ಬೇರ್ಪಡಿಸಿ. ಜಾಲರಿ ದಾಟಿದ ಸಣ್ಣ ಗುಂಪುಗಳನ್ನು ತಳಕ್ಕೆ ಇಳಿಯಲು ಬಿಟ್ಟು, ಮೇಲಿನ ದ್ರವವನ್ನು ಬಸಿದು, ಹಾರ್ಮೋನಿಲ್ಲದ ಮಾಧ್ಯಮವನ್ನು ಹಾಕಿ ತೊಳೆಯಿರಿ. ಈ ತೊಳೆಯುವಿಕೆ ಮೂರು ಸಲ ಆಗಲೇಬೇಕು: ಪ್ರತಿ ಸಲ ಹಳೆಯ ದ್ರವದ ಹತ್ತನೆಯ ಒಂದು ಭಾಗ ಉಳಿದರೂ ಮೂರನೆಯ ಸಲಕ್ಕೆ ಅದು ಸಾವಿರದ ಒಂದು ಭಾಗಕ್ಕೆ ಇಳಿಯುತ್ತದೆ. ಒಂದೇ ಸಲ ತೊಳೆದು ಸಮಯ ಉಳಿಸಿದವರ ಫ್ಲಾಸ್ಕಿನಲ್ಲಿ ಮತ್ತೆ ಕ್ಯಾಲಸೇ ಬೆಳೆಯುತ್ತದೆ. ಆಮೇಲೆ ಹಾರ್ಮೋನಿಲ್ಲದ 50 ಮಿಲಿಲೀಟರ್ ಮಾಧ್ಯಮಕ್ಕೆ ತಳಕ್ಕಿಳಿದ ಕೋಶಗಳ 0.1 ಮಿಲಿಲೀಟರ್ ಮಾತ್ರ ಹಾಕಿ. ಹೆಚ್ಚು ಹಾಕಿದರೆ ಹೆಚ್ಚು ಭ್ರೂಣ ಸಿಗುತ್ತದೆ ಎಂಬುದು ತಪ್ಪು. ದಟ್ಟಣೆಯಲ್ಲಿ ಕೋಶಗಳು ಒಂದಕ್ಕೊಂದು ಅಡ್ಡಿಯಾಗುತ್ತವೆ. ಮಾಧ್ಯಮದಲ್ಲಿರುವ ಅಮೋನಿಯಂ ಲವಣವನ್ನು ಉಳಿತಾಯಕ್ಕೆಂದು ಕೈಬಿಡಬಾರದು. ಕ್ಯಾರೆಟ್ ಭ್ರೂಣಕ್ಕೆ ನೈಟ್ರೇಟ್ ಒಂದೇ ಸಾಲದೆಂಬುದು 1965ರಿಂದಲೂ ತಿಳಿದ ಸಂಗತಿ.

ಎರಡು ಮೂರು ವಾರಗಳಲ್ಲಿ ಗೋಲಾಕಾರ, ಹೃದಯಾಕಾರ, ಆಮೇಲೆ ಉದ್ದನೆಯ ಟಾರ್ಪಿಡೊ ಆಕಾರದ ಭ್ರೂಣಗಳು ಕಾಣಿಸುತ್ತವೆ. ಅವುಗಳನ್ನು ಅರ್ಧ ಪ್ರಮಾಣದ ಎಂಎಸ್ ಅಗರ್ ಮೇಲೆ 16 ಗಂಟೆ ಬೆಳಕಿನಲ್ಲಿಡಿ. ಎಲೆಯೂ ಬೇರೂ ಬಂದ ಮೇಲೆ ಅಗರ್ ಅಂಟಿರದಂತೆ ತೊಳೆದು ತೆಂಗಿನ ನಾರಿನ ಪುಡಿಗೆ ನೆಟ್ಟು, ಪಾಲಿಥೀನ್ ಹೊದಿಸಿ, ದಿನಕ್ಕಿಷ್ಟಾಗಿ ಹೊರಗಾಳಿಗೆ ಒಗ್ಗಿಸಿ.

ಕ್ಯಾರೆಟ್ ಕೈಗೆ ಹತ್ತಿದ ಬಳಿಕ ಅಡಿಕೆಗೆ ಬನ್ನಿ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಎಳೆಯ ಸಿಂಗಾರದಿಂದ (ಹೂಗೊಂಚಲಿನಿಂದ) ಭ್ರೂಣ ಪಡೆದಿದ್ದಾರೆ. ಅಲ್ಲಿ 2,4-ಡಿಯ ಬದಲು ಪಿಕ್ಲೋರಾಮ್ ಎಂಬ ಇನ್ನೊಂದು ಕೃತಕ ಆಕ್ಸಿನ್ ಬಳಕೆಯಾಗುತ್ತದೆ. ಹಾರ್ಮೋನನ್ನು ಒಮ್ಮೆಗೇ ತೆಗೆಯದೆ ಹೆಚ್ಚಿನ ಪ್ರಮಾಣದಿಂದ ಕಡಿಮೆ ಪ್ರಮಾಣಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ಕೊನೆಗೆ ಹಾರ್ಮೋನಿಲ್ಲದ ಮಾಧ್ಯಮಕ್ಕೆ ತರಬೇಕು. ಅಡಿಕೆಯ ಪ್ರತಿ ಮೆಟ್ಟಿಲಿಗೂ ಹೆಚ್ಚು ಕಾಲ ಬೇಕಾಗುವುದರಿಂದ, ಯಾವ ಬಾಟಲಿ ಯಾವ ಮರದ್ದು, ಯಾವ ದಿನ ಯಾವ ಪ್ರಮಾಣಕ್ಕೆ ಇಳಿಸಿದ್ದು ಎಂಬುದನ್ನು ಬಾಟಲಿಯ ಮೇಲೂ ದಪ್ತರದಲ್ಲೂ ಅಂದೇ ಬರೆದಿಡಿ.