ಸಂಸ್ಕಾರದ ಭಾಷಣ ಕೇಳಿದ ರಾತ್ರಿ ಏನು ನೋಡಬೇಕು

ವಿಜಯಪುರದ ಗಾಂಧಿ ಚೌಕದ ಹತ್ತಿರ ನನ್ನ ಖಾನಾವಳಿ. ಚುನಾವಣೆ ಬಂತೆಂದರೆ ‘ಮನೆತನ, ಸಂಸ್ಕಾರ’ ಅನ್ನುವ ಮೈಕು ರೊಟ್ಟಿ ಬಡಿಯುವ ಸದ್ದನ್ನೂ ಮುಳುಗಿಸುತ್ತದೆ. ನಾನು ಸುಮ್ನೆ ಕೇಳಿಸಿಕೊಂಡು, ರಾತ್ರಿ ಫೋನಿನಲ್ಲಿ ಆ ಅಭ್ಯರ್ಥಿಗಳ ಫಾರ್ಮ್ 26 ತೆಗೆಯುತ್ತೇನೆ. ನಾಮಪತ್ರದ ಜೊತೆ ಕೊಡುವ ಅಫಿಡವಿಟ್ ಅದು. ಚುನಾವಣಾ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು.

ಆಸ್ತಿ ಆಮೇಲೆ. ಮೊದಲು ಕೇಸುಗಳ ಪುಟ. ಹಳೆಯ ದಂಡ ಸಂಹಿತೆ ಐಪಿಸಿಯ 498ಎ ಕಲಂ ಇದೆಯಾ? ಅಂದರೆ ಹೆಂಡತಿಗೆ ಕಿರುಕುಳ ಕೊಟ್ಟ ಆರೋಪ. 354 ಅಂದರೆ ಹೆಣ್ಣಿನ ಮಾನಕ್ಕೆ ಕೈ ಹಾಕಿದ ಆರೋಪ. ಐಪಿಸಿ ಬದಲಿಗೆ ಬಂದ ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವು 85 ಮತ್ತು 74. ಬಾಕಿ ಕೇಸು ಬೇರೆ, ಶಿಕ್ಷೆಯಾದದ್ದು ಬೇರೆ. ಕಲಸಬೇಡಿ, ಅದು ಅನ್ಯಾಯ ಅಲ್ವಾ?

ಮತ ಕೇಳಲು ಬಂದಾಗ ಮೊದಲು ಊಟ ಬಡಿಸಿ, ಆಮೇಲೆ ಕೇಸಿನ ಬಗ್ಗೆ ಕೇಳಿ. ನಾನು ಕೇಳಿದಾಗ ಒಬ್ಬರು ಎಣಗಾಯಿ ಅರ್ಧಕ್ಕೇ ಬಿಟ್ಟು ಎದ್ದರು.